ಹಿಂದಿನ ಕಾರಿಗೊಂದು ಬ್ರೇಕು

ಜಿಲೆಟ್ ಊರಿನ ಹೊರಗೆ ರೈಲುಗೇಟಿನ ಕೆಂಪು ದೀಪ ಹತ್ತಿಕೊಂಡಾಗ ಮಾರ್ಲಿಸ್ ಟ್ವೇಟ್ ಸರಿಯಾದ ಹೊತ್ತಿಗೇ ಬ್ರೇಕ್ ಒತ್ತಿದ್ದಳು. ಆ ಬಗ್ಗೆ ಅವಳಿಗೆ ಆಮೇಲೂ ಅನುಮಾನ ಬರಲಿಲ್ಲ. ಆದರೆ ಬಂಡಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಅವರದು ಬಸ್ಸಿನಷ್ಟು ಉದ್ದದ ಮನೆಬಂಡಿ. ಒಳಗೇ ಮಂಚ, ಒಲೆ, ಬಚ್ಚಲು ಎಲ್ಲ ಇತ್ತು. ಅದರ ಬಾಲಕ್ಕೆ ಕಬ್ಬಿಣದ ಕಂಬಿಯಿಂದ ಕಟ್ಟಿದ ಬೂದುಬಣ್ಣದ ಪುಟ್ಟ ಕಾರು, ನಾಲ್ಕೂ ಚಕ್ರ ನೆಲದ ಮೇಲಿಟ್ಟುಕೊಂಡೇ ಹಿಂದೆ ಉರುಳಿಕೊಂಡು ಬರುತ್ತಿತ್ತು. ಮುಂದಿನದು ನಿಲ್ಲಲು ಹೆಣಗುತ್ತಿದ್ದರೆ ಹಿಂದಿನದು ಬೆನ್ನಿಗೆ ಭುಜ ಕೊಟ್ಟ ಹಾಗೆ ದಬ್ಬಿತು. ಕೆಳಗಿಳಿದ ಗೇಟಿನ ಪಟ್ಟಿ ಮುಂದಿನ ಗಾಜಿಗೆ ತಾಗಿಯೇಬಿಟ್ಟಿತೆನ್ನುವಾಗ ಬಂಡಿ ನಿಂತಿತು. ಕಲ್ಲಿದ್ದಲು ತುಂಬಿದ ರೈಲು ಮೂಗಿನ ಮುಂದೆಯೇ ಧಡಧಡ ಸಾಗತೊಡಗಿತು. ಅದಕ್ಕೆ ಕೊನೆಯೇ ಇದ್ದಂತೆ ಕಾಣಲಿಲ್ಲ.

"ರೈಲನ್ನ ಸ್ವಲ್ಪ ಹತ್ರದಿಂದ ನೋಡೋಣ ಅಂತನಾ?" ಎಂದ ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಆರಿನ್.

ಮಾರ್ಲಿಸ್ ನಗಲಿಲ್ಲ.

"ಆ ಕಾರಿಗೆ ಅದರದೇ ಬ್ರೇಕ್ ಬೇಕು, ಆರಿನ್. ಇವತ್ತೇ."

"ಇಷ್ಟು ವರ್ಷ ಬೇಕಾಗಿರ್ಲಿಲ್ಲ."

"ಇಷ್ಟು ವರ್ಷ ನೀನು ಓಡಿಸ್ತಿದ್ದೆ. ಅದೂ ನಾರ್ತ್ ಡಕೋಟಾದಲ್ಲಿ. ಅಲ್ಲಿ ರಸ್ತೆ ಇಳಿಯೋದು ಅಂದ್ರೆ ಮೋರಿಗೆ ಮಾತ್ರ."

ಆರಿನ್ ಕಿಟಕಿಯ ಕಡೆ ತಿರುಗಿದ. ಓಡಿಸುವ ಮಾತು ಬಂದರೆ ಅವನು ಹಾಗೆಯೇ ಮಾಡುತ್ತಿದ್ದ.

ಅವನು ನಿವೃತ್ತನಾಗುವ ತನಕ ಕರೆಂಟ್ ಕಂಬ ಹತ್ತುವ ಲೈನ್‌ಮನ್. ಚಳಿಗಾಲದ ಹಿಮಗಾಳಿಯಲ್ಲಿ, ಊರೆಲ್ಲ ಕತ್ತಲೆಯಾಗಿದ್ದಾಗ, ತಂತಿಯಲ್ಲಿ ಜೀವವಿದೆಯೋ ಇಲ್ಲವೋ ಎಂದು ನೋಡಿ ನೋಡಿ ಕೈಹಾಕಿ ಬದುಕಿ ಬಂದವನು. ಮಾರ್ಲಿಸ್ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು. ಒಂದು ಕಟ್ಟನ್ನು ಎರಡು ಸಲ ಎಣಿಸಿದರೂ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಇಬ್ಬರೂ ಕೆಲಸ ಬಿಟ್ಟ ಮೇಲೆ ಮನೆಬಂಡಿ ಕೊಂಡರು. ಬೇಸಿಗೆಗೊಂದು ಕಾಡಿನ ಬಿಡಾರದಲ್ಲಿ ಉಸ್ತುವಾರಿ ನೋಡಿಕೊಂಡು, ಬಂದವರಿಗೆ ಜಾಗ ತೋರಿಸಿ, ಸೌದೆ ಕೊಟ್ಟುಕೊಂಡು ಇದ್ದುಬಿಡುವುದು ಅವರ ರೂಢಿ. ಈ ವರ್ಷ ಕೋಡಿ ಎಂಬ ಊರಿನ ಆಚೆಗಿನ ಕಾಡು. ಅದಕ್ಕೆ ಬಿಗ್‌ಹಾರ್ನ್ ಬೆಟ್ಟ ಹತ್ತಿ ಇಳಿಯಬೇಕು.

ವಸಂತದಲ್ಲಿ ಮೈಲ್ಸ್ ಸಿಟಿಯಲ್ಲಿ ಆರಿನ್ ಹೆದ್ದಾರಿಗೆ ಎದುರು ದಿಕ್ಕಿನಿಂದ ಬಂಡಿ ನುಗ್ಗಿಸಿದ್ದ. ದೇವರ ದಯೆ, ಆ ಹೊತ್ತಿನಲ್ಲಿ ಯಾರೂ ಎದುರಾಗಲಿಲ್ಲ. ಬಂಡಿಯನ್ನು ಬದಿಗೆ ನಿಲ್ಲಿಸಿ, ಕೀಲಿಯನ್ನು ಹೆಂಡತಿಯ ಮಡಿಲಿಗೆ ಹಾಕಿ, ಎದ್ದು ಹಿಂದೆ ಹೋಗಿ ಮಂಚದ ಮೇಲೆ ಕೂತಿದ್ದ. ಆ ಬಗ್ಗೆ ಇಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದು ಅವಳು ಒಮ್ಮೆ ಅಂದಿದ್ದಳು. "ಕಣ್ಣಿಗೆ ಬಿಸಿಲು ಹೊಡೀತು, ಅಷ್ಟೇ" ಎಂದು ಅವನು ತಳ್ಳಿಹಾಕಿದ್ದ. ಆದರೆ ಕಾರನ್ನು ಕಟ್ಟುವ, ಬಿಚ್ಚುವ ಕೆಲಸವನ್ನು ಮಾತ್ರ ಅವನು ಬಿಟ್ಟುಕೊಟ್ಟಿರಲಿಲ್ಲ. ಕಂಬಿ, ಸರಪಳಿ, ದೀಪದ ತಂತಿ ಎಲ್ಲ ಅವನದೇ.

ಬಫಲೊ ಊರಿನಲ್ಲಿ, ಬೆಟ್ಟದ ಬುಡಕ್ಕೇ ಇದ್ದ ಬಂಡಿ ರಿಪೇರಿ ಅಂಗಡಿಯ ಮಾಲೀಕ ಸೈಮನ್ ಎಚೆಪಾರೆ. ಕಡಲಾಚೆಯಿಂದ ಕುರಿ ಮೇಯಿಸಲು ಬಂದು ನೆಲೆಸಿದ ಬಾಸ್ಕ್ ಜನರ ಮೊಮ್ಮಗ. ದಪ್ಪ ಮೀಸೆ, ದೊಡ್ಡ ಗಂಟಲು.

"ಬೆಟ್ಟ ಇಳಿಯೋರು ಬೆಟ್ಟ ಹತ್ತೋಕೆ ಮುಂಚೆನೇ ನನ್ನ ಹತ್ರ ಬರೋದು ಅಪರೂಪ," ಎಂದು ಅವನು ಕಾಫಿ ಬಗ್ಗಿಸಿ ಕೊಟ್ಟ. "ಇಳಿದಾದ ಮೇಲೆ ನಡುಗ್ತಾ ಬರೋರೇ ಜಾಸ್ತಿ. ನೋಡಿ ತಾಯಿ, ಇದರಲ್ಲಿ ಎರಡು ದಾರಿ ಇದೆ."

ಒಂದು, ಪೆಟ್ಟಿಗೆ. ಹೊಲಿಗೆಯಂತ್ರದಷ್ಟು ದೊಡ್ಡದು. ಅದನ್ನು ಕಾರಿನೊಳಗೆ ಡ್ರೈವರ್ ಕಾಲಿಡುವ ಜಾಗದಲ್ಲಿಟ್ಟು, ಅದರ ತೋಳನ್ನು ಬ್ರೇಕ್ ಪೆಡಲಿಗೆ ಕಚ್ಚಿಸಬೇಕು. ಹಿಂದಕ್ಕೆ ಜಾರದ ಹಾಗೆ ಸೀಟನ್ನು ಮುಂದೆ ತಂದು ಒತ್ತು ಕೊಡಬೇಕು. ಮನೆಬಂಡಿ ನಿಧಾನವಾದದ್ದು ಅದಕ್ಕೆ ತಾನೇ ಗೊತ್ತಾಗಿ, ತೋಳು ಚಾಚಿ ಪೆಡಲ್ ತುಳಿಯುತ್ತದೆ. ಇನ್ನೊಂದು, ಕಾರಿನ ಹೊಟ್ಟೆಯೊಳಗೇ ಕೂರಿಸಿಬಿಡುವಂಥದು. ಒಂದು ಸಲ ಜೋಡಿಸಿದರೆ ಮುಗಿಯಿತು. ಹೊರಡುವಾಗ ಒಂದು ತಂತಿ ಸಿಕ್ಕಿಸಿದರೆ ಸಾಕು. ಎರಡರಲ್ಲೂ ಕೊಂಡಿ ಕಳಚಿ ಕಾರು ಬೇರೆಯಾಗಿಬಿಟ್ಟರೆ ತಾನಾಗಿ ಬ್ರೇಕ್ ಹಿಡಿಯುವ ಏರ್ಪಾಡಿತ್ತು.

"ಪೆಟ್ಟಿಗೆ ಅಗ್ಗ. ನಾಳೆ ಬೇರೆ ಕಾರು ಕೊಂಡ್ರೂ ಎತ್ತಿ ಅದಕ್ಕಿಡಬಹುದು," ಎಂದ ಸೈಮನ್. "ಆದ್ರೆ ಪ್ರತಿ ಸಲ ಇಡಬೇಕು, ಪ್ರತಿ ಸಲ ಸರಿಯಾಗಿ ಇಡಬೇಕು. ಯಾರು ಇಡೋರು?"

"ನಾನು," ಎಂದ ಆರಿನ್.

ಅವನು ಆಗಲೇ ಮೊಣಕಾಲೂರಿ ಪೆಟ್ಟಿಗೆಯ ತೋಳನ್ನು ಹಿಂದೆ ಮುಂದೆ ಆಡಿಸಿ ನೋಡುತ್ತಿದ್ದ. ಕಚ್ಚುವ ಹಿಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿದ. ಎಷ್ಟೋ ತಿಂಗಳಿಂದ ಕಾಣದ ಕಳೆ ಅವನ ಮುಖಕ್ಕೆ ಬಂದಿತ್ತು. ಮಾರ್ಲಿಸ್‌ಗೆ ಬೇಕಾಗಿದ್ದದ್ದು ಎರಡನೆಯದು. ಪ್ರತಿ ಸಲ, ಸರಿಯಾಗಿ, ಎಂಬ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ಅವಳಿಗೆ ಮೈಲ್ಸ್ ಸಿಟಿ ನೆನಪಾಗಿತ್ತು. ಆದರೆ ಯಾಕೆ ಎಂದು ಅವನು ಕೇಳುತ್ತಾನೆ. ಪರರ ಎದುರಿಗೆ, ಈ ಮೀಸೆಯವನ ಎದುರಿಗೆ, ಕಾರಣ ಹೇಳುವುದು ಹೇಗೆ?

"ಒಳಗೇ ಕೂರಿಸೋದು... ನಿಮ್ಮಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ?" ಎಂದು ಮೆಲ್ಲಗೆ ಕೇಳಿದಳು.

"ಯಾಕೆ?" ಎಂದ ಆರಿನ್, ತಲೆಯೆತ್ತದೆ. "ಇದು ಚೆನ್ನಾಗಿದೆಯಲ್ಲ."

ಸೈಮನ್ ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡಿ ಕಾಫಿ ಲೋಟದೊಳಗೆ ಇಣುಕಿದ.

"ಚೆನ್ನಾಗಿದೆ," ಎಂದಳು ಮಾರ್ಲಿಸ್. "ಅದನ್ನೇ ಕೊಡಿ."

ಬಫಲೊದಲ್ಲೇ ಒಂದು ಬಿಡಾರದ ಬಯಲಿನಲ್ಲಿ ಅವರು ಕೆಲವು ದಿನ ನಿಂತು ಅಭ್ಯಾಸ ಮಾಡಿದರು. ಆರಿನ್ ಪೆಟ್ಟಿಗೆ ಇಡುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಇಡುತ್ತಿದ್ದ. ಹೆಚ್ಚಿನ ಸಲ ಎಲ್ಲವೂ ನೇರ. ಒಂದು ಬೆಳಿಗ್ಗೆ ಮಾತ್ರ ಪೆಟ್ಟಿಗೆಯ ಕರೆಂಟಿನ ತಂತಿ ಸಿಕ್ಕಿಸುವುದನ್ನು ಮರೆತು ಬಾಗಿಲು ಹಾಕಿ, ಕೈಯೊರೆಸಿಕೊಂಡು, "ಆಯ್ತು ಮಾರ್, ಹೊರಡೋಣ" ಎಂದಿದ್ದ. ಕಿಟಕಿಯೊಳಗಿಂದ ತಂತಿ ಕೆಳಗೆ ನೇತಾಡುವುದು ಅವಳಿಗೆ ಕಾಣುತ್ತಿತ್ತು.

"ಕಾರಲ್ಲಿ ನನ್ನ ಕನ್ನಡಕ ಇದೆಯಾ ನೋಡ್ತೀನಿ ಇರು," ಎಂದು ಹೋಗಿ ಅದನ್ನು ಸಿಕ್ಕಿಸಿ ಬಂದಳು. ಕನ್ನಡಕ ಅವಳ ಅಂಗಿಯ ಜೇಬಿನಲ್ಲೇ ಇತ್ತು.

ಅಂದಿನಿಂದ ಅದೇ ಚಾಳಿಯಾಯಿತು. ಅವನು ಪೆಟ್ಟಿಗೆ ಇಟ್ಟು ಕೈತೊಳೆಯಲು ಒಳಗೆ ಹೋದ ಕೂಡಲೇ ಅವಳು ಏನಾದರೊಂದು ನೆಪ ತೆಗೆದು ಕಾರಿನ ಹತ್ತಿರ ಹೋಗುವಳು. ತೋಳನ್ನು ಮುಟ್ಟುವಳು, ಹಿಡಿಕೆಯನ್ನು ಎಳೆದು ನೋಡುವಳು. ಎಲ್ಲ ಸರಿಯಿದ್ದರೂ ಎದೆ ಹಗುರಾಗುತ್ತಿರಲಿಲ್ಲ. ಸರಿಯಿರುವುದು ಇವತ್ತು, ನಾಳೆ?

ಹೊರಡುವ ದಿನ ಅವನು ಎಂದಿಗಿಂತ ನಿಧಾನವಾಗಿ ಕೆಲಸ ಮಾಡಿದ. ನಡುವೆ ಒಮ್ಮೆ ನಿಂತು, ಕೈಯಲ್ಲಿದ್ದ ಸರಪಳಿಯನ್ನು ಇದೇನು ಎಂಬ ಹಾಗೆ ನೋಡಿದ. ಆಮೇಲೆ ನೆನಪಾಗಿ ಕೊಂಡಿಗೆ ಹಾಕಿದ. ಮಾರ್ಲಿಸ್ ಅದನ್ನು ಕಂಡಳು. ಅವನು ನೀರಿನ ಪೈಪು ಸುತ್ತಿಡಲು ಆ ಕಡೆ ಹೋದಾಗ ಅವಳು ಕಾರಿನ ಬಾಗಿಲು ತೆಗೆದು ಪೆಟ್ಟಿಗೆಯನ್ನು ಹಿಡಿದು ಅಲ್ಲಾಡಿಸಿದಳು. ಕೂದಲೆಳೆಯಷ್ಟು ಅಲುಗಿತೋ ಇಲ್ಲವೋ. ಬೆಟ್ಟದ ತಿರುವಿನಲ್ಲಿ ಇದು ಜಾರಿದರೆ? ಸೀಟಿನ ಕೆಳಗಿನ ಹಿಡಿ ಎತ್ತಿ, ಸೀಟನ್ನು ಇನ್ನೊಂದು ಹಲ್ಲು ಮುಂದಕ್ಕೆ ದಬ್ಬಿದಳು. ಕಟಕ್ ಎಂದಿತು. ಈಗ ಪೆಟ್ಟಿಗೆ ಗೋಡೆಯಂತೆ ಗಟ್ಟಿ. ಮೊದಲ ಬಾರಿಗೆ ಅವಳಿಗೆ ಸ್ವಲ್ಪ ನೆಮ್ಮದಿಯಾಯಿತು.

ಏರು ಉದ್ದವಿತ್ತು. ಎಂಜಿನ್ ಎಂದಿಗಿಂತ ಹೆಚ್ಚು ಏದುತ್ತಿದೆ ಎನ್ನಿಸಿತು, ಬೆಟ್ಟವಲ್ಲವೇ ಎಂದುಕೊಂಡಳು. ಎರಡು ಕಡೆಯೂ ಪೈನ್ ಮರ, ಅಲ್ಲಲ್ಲಿ ಕರಗದೆ ಉಳಿದ ಹಿಮ. ಆರಿನ್ ಮಡಿಲಲ್ಲಿ ಡಬ್ಬಿಯಿಟ್ಟುಕೊಂಡು, ಅವಳು ಹಿಂದಿನ ದಿನ ಮಾಡಿದ್ದ ರೂಬಾರ್ಬ್ ಎಂಬ ಹುಳಿದಂಟಿನ ಸಿಹಿಯನ್ನು ಮುರಿದು ತಿನ್ನುತ್ತ, ಯಾವುದೋ ಹಳೆಯ ಬಿರುಗಾಳಿಯ ಕತೆ ಹೇಳುತ್ತಿದ್ದ. ಬಿರುಗಾಳಿಯ ವರ್ಷ, ಕಂಬದ ನಂಬರು, ಜೊತೆಗಿದ್ದವರ ಹೆಸರು, ಎಲ್ಲ ಸರಾಗವಾಗಿ ಬರುತ್ತಿತ್ತು. ಇವನಿಗೆ ಏನೂ ಆಗಿಲ್ಲವೇನೋ, ನನಗೇ ಭ್ರಮೆಯೇನೋ ಎಂದು ಅವಳಿಗೆ ಅನ್ನಿಸಿತು.

ಕಣಿವೆಯ ಬಾಯಿಯಿಂದ ಇಳಿಜಾರು ಶುರುವಾಯಿತು. ಟೆನ್ ಸ್ಲೀಪ್ ಕಣಿವೆ. ಒಂದು ಕಡೆ ಸುಣ್ಣಕಲ್ಲಿನ ಗೋಡೆ, ಇನ್ನೊಂದು ಕಡೆ ಬರೀ ಗಾಳಿ. ಮಾರ್ಲಿಸ್ ಚಿಕ್ಕ ಗೇರಿಗೆ ಹಾಕಿ, ಬ್ರೇಕನ್ನು ತಟ್ಟಿ ಬಿಟ್ಟು ತಟ್ಟಿ ಬಿಟ್ಟು ಇಳಿಸಿದಳು.

ಹಿಂದಿನಿಂದ ಯಾರೋ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದರು.

"ಅವಸರ ಇದ್ರೆ ಹಾರ್ಕೊಂಡು ಹೋಗ್ಲಿ," ಎಂದ ಆರಿನ್.

ರಸ್ತೆ ಅಗಲವಾದಲ್ಲಿ ಒಂದು ಕೊಳಕು ಪಿಕಪ್ ಪಕ್ಕಕ್ಕೆ ಬಂತು. ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದ ಹೆಂಗಸು ಹಿಂದಕ್ಕೆ ಕೈ ತೋರಿಸಿ ಕಿರುಚಿದಳು. ಗಾಳಿಯಲ್ಲಿ ಒಂದೇ ಮಾತು ಕೇಳಿಸಿತು.

"ಹೊಗೆ!"

ತಂಗುವ ಜಾಗ ಬರುವ ತನಕದ ಆ ತಿರುವನ್ನು ಹೇಗೆ ದಾಟಿದಳೆಂದು ಮಾರ್ಲಿಸ್‌ಗೆ ನೆನಪಿಲ್ಲ. ಬಂಡಿ ನಿಲ್ಲಿಸಿ ಇಳಿದು ಹಿಂದಕ್ಕೆ ಓಡಿದಳು. ಪುಟ್ಟ ಕಾರಿನ ಮುಂದಿನ ಎರಡೂ ಚಕ್ರಗಳಿಂದ ನೀಲಿ ಹೊಗೆ ಏಳುತ್ತಿತ್ತು. ಸುಟ್ಟ ವಾಸನೆ ಮೂಗು ಹರಿಯುವ ಹಾಗಿತ್ತು. ಪಿಕಪ್‌ನ ಹೆಂಗಸು, ರೋಂಡಾ ಅಂತ ಅವಳ ಹೆಸರು, ದನ ಸಾಕುವ ರಾಂಚ್‌ನವಳು, ಆಗಲೇ ಬೆಂಕಿ ಆರಿಸುವ ಡಬ್ಬ ಹಿಡಿದು ನಿಂತಿದ್ದಳು.

"ನೀರು ಹಾಕ್ಬೇಡಿ, ಬಿರುಕು ಬಿಡುತ್ತೆ," ಎಂದಳು. "ತಾನೇ ಆರ್ಲಿ. ನೀವು ಬೆಟ್ಟದ ಮೇಲಿಂದ್ಲೂ ಬ್ರೇಕ್ ಹಿಡ್ಕೊಂಡೇ ಬಂದ್ರಿ ಕಣಮ್ಮ. ಕಾರಿನ ಕೆಂಪು ದೀಪ ಒಂದ್ಸಲನೂ ಆರ್ಲೇ ಇಲ್ಲ."

ಜ್ವಾಲೆ ಏಳಲಿಲ್ಲ. ಹೊಗೆ ತೆಳುವಾಯಿತು. ಆರಿನ್ ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ. ಸೀಟಿನ ಒತ್ತಿಗೆ ಪೆಟ್ಟಿಗೆ ಮುಂದೆ ಸರಿದು, ತೋಳು ಪೆಡಲನ್ನು ಒತ್ತಿಕೊಂಡೇ ಇತ್ತು. ಬಿಡಲು ಅದಕ್ಕೆ ಜಾಗವೇ ಇರಲಿಲ್ಲ. ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗಾದ.

"ಸೀಟು ಜಾಸ್ತಿ ಮುಂದಿದೆ," ಎಂದ. "ನಾನೇ ಇಟ್ಟದ್ದು."

ಮಾರ್ಲಿಸ್ ಸೀಟಿನ ಕೆಳಗಿನ ಹಿಡಿಯ ಕಡೆ ನೋಡಿದಳು.

"ಸರಿಯಾಗೇ ಇಟ್ಟೆ ಅಂತ ನನ್ನ ತಲೆಯಲ್ಲಿದೆ, ಮಾರ್. ಆದ್ರೆ ನನ್ನ ತಲೆಯಲ್ಲಿರೋದನ್ನ ಈಗ..." ಅವನು ಕೈಯನ್ನು ಹಣೆಯ ಹತ್ತಿರ ತಂದು ಸುಮ್ಮನೆ ಇಳಿಬಿಟ್ಟ. "ಮೈಲ್ಸ್ ಸಿಟಿಯಲ್ಲೂ ಸರಿಯಾದ ದಾರಿ ಅಂತಲೇ ಅನ್ಸಿತ್ತು. ನಿನ್ನನ್ನ ಕೊಂದೇಬಿಡ್ತಿದ್ದೆ. ಇನ್ಮೇಲೆ ಇದನ್ನ ನಾನು ಮುಟ್ಟಲ್ಲ. ನೀನು ಹೇಳಿದ ಡಾಕ್ಟರ ಹತ್ರ ಹೋಗೋಣ. ನೀನು ಹೇಳಿದ್ದನ್ನೆಲ್ಲ ಮಾಡೋಣ."

ಅವಳಿಗೆ ಬೇಕಾಗಿದ್ದದ್ದು ಎಲ್ಲವೂ ಅದೇ. ವಸಂತದಿಂದ ಅವನ ಬಾಯಲ್ಲಿ ಕೇಳಬೇಕೆಂದು ಕಾದಿದ್ದ ಮಾತು ಒಂದೂ ಬಿಡದೆ ಬಂದಿತ್ತು. ಅವಳು ಸುಮ್ಮನಿದ್ದರೆ ಸಾಕು. ಡಾಕ್ಟರು, ಒಳಗೇ ಕೂರಿಸುವ ಬ್ರೇಕು, ಕದ್ದು ಕದ್ದು ನೋಡುವ ತಾಪತ್ರಯದಿಂದ ಬಿಡುಗಡೆ, ಎಲ್ಲವೂ ಈ ಕ್ಷಣದಲ್ಲೇ ಇತ್ತು. ರೋಂಡಾ ಕೂಡ ಮುದುಕನ ಕಡೆ ಕನಿಕರದಿಂದ ನೋಡುತ್ತಿದ್ದಳು. ಅವನ ಒಳಿತಿಗೇ ಅಲ್ಲವೇ, ಎಂದು ಮಾರ್ಲಿಸ್‌ಳ ಮನಸ್ಸು ಹೇಳಿತು. ಎರಡು ಸಲ ಹೇಳಿತು.

ಆರಿನ್ ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ಕಂಬ ಹತ್ತಿದ ಆ ದೊಡ್ಡ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ. ಆ ಕೈಗಳು ಯಾರವು ಎಂಬ ಹಾಗೆ.

ಅದನ್ನು ಅವಳಿಂದ ನೋಡಲಾಗಲಿಲ್ಲ.

"ನೀನಲ್ಲ," ಎಂದಳು.

"ಏನು?"

"ಸೀಟು ನೀನು ಸರಿಯಾಗೇ ಇಟ್ಟಿದ್ದೆ. ನೀನು ಪೈಪ್ ಸುತ್ತೋಕೆ ಹೋದಾಗ ನಾನು ಬಂದು ಇನ್ನೊಂಚೂರು ಮುಂದೆ ತಳ್ಳಿದೆ. ಗಟ್ಟಿ ಇರ್ಲಿ ಅಂತ."

ಆರಿನ್ ಅವಳನ್ನು ನೋಡಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳು ನಿರೀಕ್ಷಿಸಿದ್ದ ಸಮಾಧಾನ ಆ ಮುಖದಲ್ಲಿ ಕಾಣಲಿಲ್ಲ.

"ಎಷ್ಟು ದಿನದಿಂದ ಹೀಗೆ ಹಿಂದಿಂದೆ ಬಂದು ನೋಡ್ತಿದ್ದೀಯ?"

"ಬಫಲೊದಿಂದ. ನೀನು ತಂತಿ ಮರೆತ ದಿನದಿಂದ."

"ತಂತಿ ಮರೆತಿದ್ನಾ?"

"ಒಂದ್ಸಲ."

"ನನಗೆ ಹೇಳ್ಬೇಕಾಗಿತ್ತು." ಅವನ ದನಿ ಏರಿತು. "ಕಂಬದ ಮೇಲೆ ಇದ್ದಾಗ ಕೆಳಗಿನವನು ನನಗೆ ಹೇಳದೆ ಸ್ವಿಚ್ ಮುಟ್ಟಿದ್ರೆ ನಾನು ಸತ್ತಿರ್ತಿದ್ದೆ, ಗೊತ್ತಾ? ತಪ್ಪಾಯ್ತು ಅಂದ್ರೆ ಕೂಗಬೇಕು. ಮೆತ್ತಗೆ ಬಂದು ಸರಿ ಮಾಡೋದಲ್ಲ! ಕೂಗಬೇಕು!"

"ಕೂಗಿದ್ರೆ ನಿನಗೆ..."

"ನೋವಾಗ್ತಿತ್ತು. ಆಗ್ಲಿ. ಏನೀಗ?"

ಅವನು ಎದ್ದು ಕಣಿವೆಯ ಕಡೆಯ ಕಟ್ಟೆಯ ತನಕ ಹೋಗಿ ಬೆನ್ನು ತಿರುಗಿಸಿ ನಿಂತ. ಮಾರ್ಲಿಸ್ ಅತ್ತಳು. ರೋಂಡಾ ಏನು ಮಾಡಬೇಕೆಂದು ತಿಳಿಯದೆ ತನ್ನ ನಾಯಿಗೆ ಬೈದಳು. ಅದು ಪಾಪ ಏನೂ ಮಾಡಿರಲಿಲ್ಲ. ಆಮೇಲೆ, "ಕೆಳಗೆ ವರ್ಲ್ಯಾಂಡ್‌ನಲ್ಲಿ ನನಗೆ ಗೊತ್ತಿರೋರ ಲಾರಿ ಇದೆ, ಕಾರನ್ನ ಹೊತ್ಕೊಂಡು ಬರ್ತಾರೆ. ಇಲ್ಲಿ ಫೋನ್ ಸಿಗಲ್ಲ, ಇಳಿದ ಮೇಲೆ ಹೇಳ್ತೀನಿ. ನೀವು ದೊಡ್ಡದನ್ನ ಮಾತ್ರ ಇಳಿಸ್ಕೊಂಡು ಬನ್ನಿ," ಎಂದು ಹೇಳಿ ಹೊರಟಳು.

ಕಾರನ್ನು ಬಿಚ್ಚಬೇಕಾಗಿತ್ತು. ಮಾರ್ಲಿಸ್ ಕಂಬಿಯ ಹತ್ತಿರ ಹೋಗಿ ನಿಂತಳೇ ಹೊರತು ಏನನ್ನೂ ಮುಟ್ಟಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ಹೆಜ್ಜೆಯ ಸದ್ದು ಬಂತು.

"ಮೊದ್ಲು ಏನು?" ಎಂದ ಆರಿನ್. ಕೋಪ ಇಳಿದಿರಲಿಲ್ಲ.

"ನಿನಗೆ ಗೊತ್ತು."

"ಗೊತ್ತು. ಆದ್ರೂ ಹೇಳು. ಗಟ್ಟಿಯಾಗಿ ಹೇಳು."

"ಕಾರಿನ ಕೈಬ್ರೇಕು. ಚಕ್ರಕ್ಕೆ ಕಲ್ಲು."

"ಆಯ್ತು. ಆಮೇಲೆ?"

"ದೀಪದ ತಂತಿ."

"ಆಯ್ತು."

ಹೀಗೆ ಅವಳು ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಒಂದು ಕಡೆ ಅವಳು ಸರಪಳಿಗೆ ಮೊದಲೇ ಕಂಬಿಯ ಗೂಟವನ್ನು ಹೇಳಿದಾಗ, "ಉಲ್ಟಾ ಹೇಳ್ತಿದ್ದೀಯ," ಎಂದು ಅವನು ಗದರಿದ. ಅವನೇ ಸರಿ.

ವರ್ಲ್ಯಾಂಡ್‌ನ ಅಂಗಡಿಯಲ್ಲಿ ಕಾರಿನ ಮುಂದಿನ ಬ್ರೇಕುಗಳನ್ನು ಪೂರಾ ಬದಲಾಯಿಸಬೇಕಾಯಿತು. ಸುಟ್ಟು ಕಪ್ಪಾದ ಬ್ರೇಕ್ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಮೆಕ್ಯಾನಿಕ್ ಕೇಳಿದ, "ಪೆಟ್ಟಿಗೆ ಮತ್ತೆ ಇಡ್ತೀರಾ? ಅದರದೇನೂ ತಪ್ಪಿಲ್ಲ. ಸರಿಯಾಗಿಟ್ರೆ ಕೆಲಸ ಮಾಡುತ್ತೆ."

ಮಾರ್ಲಿಸ್ ಗಂಡನ ಕಡೆ ನೋಡಿದಳು. ಈ ಸಲ ಅವಳು ಬಾಯಿ ಬಿಟ್ಟು ಹೇಳಿದಳು. "ನನಗೆ ಒಳಗೇ ಕೂರಿಸೋದು ಬೇಕು. ಬಫಲೊದಲ್ಲೂ ಅದೇ ಬೇಕಾಗಿತ್ತು. ಪೆಟ್ಟಿಗೆ ಇದ್ರೆ ನನಗೆ ಭಯ, ಆರಿನ್. ನೀನು ಮರೀತೀಯ ಅಂತ ಭಯ."

ಮೆಕ್ಯಾನಿಕ್ ಏನೋ ತರುವವನಂತೆ ಒಳಗೆ ನಡೆದ.

ಆರಿನ್ ಸುಟ್ಟ ತಟ್ಟೆಯೊಂದನ್ನು ಎತ್ತಿ ಅದರ ಅಂಚಿನ ಮೇಲೆ ಬೆರಳಾಡಿಸಿದ. "ಮರೀತೀನಿ," ಎಂದ. "ನೀನು ಮರೆಯಲ್ಲ, ಆದ್ರೆ ಸುಮ್ನಿರೋಕಾಗದೆ ಕೈ ಹಾಕ್ತೀಯ. ಇಬ್ಬರ ಕೈಗೂ ಸಿಗದ ಹಾಗೆ ಎಲ್ಲಾದ್ರೂ ಒಳಗೆ ಹುದುಗಿಸಿಡ್ಲಿ." ಆಮೇಲೆ ತಟ್ಟೆಯನ್ನು ಕೆಳಗಿಟ್ಟು, "ಡಾಕ್ಟರ ಹತ್ರ ಹೋಗೋ ಮಾತು ಹಾಗೇ ಇದೆ. ನಿನ್ನ ತಪ್ಪು ಆಗಿತ್ತು ಅಂತ ಅದನ್ನ ವಾಪಸ್ ತಗೊಳಲ್ಲ. ಕೋಡಿಯಲ್ಲೇ ಯಾರಾದ್ರೂ ಇದ್ರೆ ನೋಡು," ಎಂದ.

ಅವಳು ಅವನ ತೋಳು ಹಿಡಿಯಲು ಹೋದಳು. ಅವನು ಹಿಡಿಸಿಕೊಂಡ, ಆದರೆ ಅವಳ ಕಡೆ ತಿರುಗಲಿಲ್ಲ. ಆ ಮುನಿಸು ಇನ್ನೂ ಕೆಲವು ದಿನ ಇದ್ದೇ ಇತ್ತು.

ಹೊಸ ಬ್ರೇಕು ಕಾರಿನ ಒಳಗೆಲ್ಲೋ ಮರೆಯಾಗಿ ಕೂತಿತು. ಹೊರಗೆ ಕಾಣುವುದು ಮನೆಬಂಡಿಯಲ್ಲಿ ಆರಿನ್ ಕೂರುವ ಕಡೆ ಅಂಟಿಸಿದ ಒಂದು ಸಣ್ಣ ದೀಪ ಮಾತ್ರ. ಹಿಂದಿನ ಕಾರು ಬ್ರೇಕ್ ಹಿಡಿದಾಗ ಅದು ಹತ್ತುತ್ತದೆ, ಬಿಟ್ಟಾಗ ಆರುತ್ತದೆ. ಅದನ್ನು ಆ ಕಡೆಗೇ ಹಾಕಿ ಎಂದು ಮೆಕ್ಯಾನಿಕ್‌ಗೆ ಹೇಳಿದವನು ಆರಿನ್. "ನೀನು ರಸ್ತೆ ನೋಡು. ಇದು ನನ್ನ ಕೆಲಸ," ಎಂದಿದ್ದ.

ಕೋಡಿ ದಾಟಿ ನದಿಯ ಪಕ್ಕ ಕಾಡಿನ ಕಡೆ ಹೋಗುವಾಗ ರಸ್ತೆ ಏಳುತ್ತ ಬೀಳುತ್ತ ಸಾಗಿತು. ಪ್ರತಿ ಇಳಿಜಾರಿಗೂ ಮಾರ್ಲಿಸ್‌ಗೆ ಅಷ್ಟೇ ಭಯ. ಬ್ರೇಕ್ ಒತ್ತುವಳು.

"ಹಿಡೀತಾ?"

"ಹಿಡೀತು."

ಕಾಲು ತೆಗೆಯುವಳು.

"ಬಿಡ್ತಾ?"

"ಬಿಡ್ತು."

ಮುಂದಿನದು ಉದ್ದದ ಇಳಿಜಾರು; ಕೆಳಗೆ ಸೇತುವೆ. ಅವಳು ಒತ್ತಿದಳು, ಬಿಟ್ಟಳು, ಕೇಳಿದಳು. ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಬೇಕೆಂದು, ಅವನ ಮುಖದ ಕಡೆ ತಿರುಗಬೇಕೆಂದು ಅವಳಿಗೆ ಅನ್ನಿಸಿತು. ರಸ್ತೆಯಿಂದ ಕಣ್ಣು ತೆಗೆಯದೆ ಗಟ್ಟಿಯಾಗಿ ಕೂಗಿದಳು.

"ಆರಿನ್! ಬಿಡ್ತಾ?"

"ಹಾಂ," ಎಂದ ಅವನು, ಎಲ್ಲಿಂದಲೋ ಮರಳಿ ಬಂದವನಂತೆ. "ಬಿಡ್ತು, ಮಾರ್. ಬಿಟ್ಟಿದೆ. ಹೋಗು."